ದಂಡ ಕಟ್ಟಿದ ಮೇಲೆ

ಕೋರ್ಟು ಕಚೇರಿ ಎಂದರೆ ನಮ್ಮ ಕಡೆಯವರಿಗೆ ಊರಿನ ಗದ್ದೆಯ ಬದುವಿನ ವ್ಯಾಜ್ಯ. ರಜೆಗೆ ಹೋದಾಗ ವಕೀಲರನ್ನು ಒಮ್ಮೆ ಕಂಡು ಬಂದರೆ ತೀರಿತು. ಕಳೆದ ವರ್ಷ ಜನಕಪುರಿಯ ನಮ್ಮ ಮನೆಗೆ ಬಂದದ್ದು ಬೇರೆ ಬಗೆಯ ಕೇಸು. ನಮ್ಮೊಡನೆ ಇದ್ದುಕೊಂಡು ಗುರುಗ್ರಾಮದಲ್ಲಿ ಕೆಲಸ ಮಾಡುವ ಅಕ್ಕನ ಮಗ, ಪಾರ್ಟಿಯೊಂದರಲ್ಲಿ ಕುಡಿದು ಕಾರು ಓಡಿಸಿಕೊಂಡು ಬರುವಾಗ ದ್ವಾರಕಾದ ಬಳಿ ಪೊಲೀಸರು ತಡೆದು ಯಂತ್ರಕ್ಕೆ ಊದಿಸಿದರು. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಇವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಲೈಸೆನ್ಸು ಮೂರು ತಿಂಗಳು ಅಮಾನತಾಯಿತು.

ಹಾಸನದಿಂದ ಅಕ್ಕನ ಫೋನು: "ಯಾರ ಕಿವಿಗೂ ಹಾಕಬೇಡ ಕಣೋ, ನಾಳೆ ಹೆಣ್ಣು ಕೊಡೋರು ಯಾರು?" ಶನಿಶಾಂತಿಯನ್ನೂ ಮಾಡಿಸಿದಳು. (ಪಾಪ, ಶನಿಮಹಾತ್ಮನೇನು ಗ್ಲಾಸಿಗೆ ಸುರಿದುಕೊಟ್ಟಿದ್ದನೆ?) ಹುಡುಗನದು ಇನ್ನೊಂದು ರಾಗ: "ಯಾರಿಗೂ ಏನೂ ಆಗಲಿಲ್ಲವಲ್ಲ, ಮಾಮ."

ನನ್ನನ್ನು ಕೊರೆದದ್ದು ಈ ಮಾತೇ. ಹಳೆಯ ದೆಹಲಿವಾಸಿಗಳಿಗೆ ನೆನಪಿರಬಹುದು, 1999ರ ಜನವರಿ 10ರ ನಸುಕಿನಲ್ಲಿ ಲೋದಿ ಕಾಲೊನಿಯಲ್ಲಿ ನಡೆದದ್ದು. ನೌಕಾಪಡೆಯ ಮಾಜಿ ಮುಖ್ಯಸ್ಥರೊಬ್ಬರ ಮೊಮ್ಮಗ ಪಾರ್ಟಿ ಮುಗಿಸಿ ಬಿಎಂಡಬ್ಲ್ಯು ಓಡಿಸಿಕೊಂಡು ಬಂದ. ಆರು ಮಂದಿ ಸತ್ತರು. ಅವರಲ್ಲಿ ಮೂವರು ಕರ್ತವ್ಯದ ಮೇಲಿದ್ದ ಪೊಲೀಸರು. 2008ರಲ್ಲಿ ಐದು ವರ್ಷ ಶಿಕ್ಷೆಯಾಯಿತು, ಮರುವರ್ಷ ಹೈಕೋರ್ಟು ಅದನ್ನು ಎರಡಕ್ಕೆ ಇಳಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅಪರಾಧ ಇನ್ನೂ ಗಂಭೀರವಾದುದೆಂದು ಹೇಳಿಯೂ ಅನುಭವಿಸಿದ ಸೆರೆವಾಸವೇ ಸಾಕೆಂದಿತು. ಜೊತೆಗೆ 50 ಲಕ್ಷ ರೂಪಾಯಿ ಮತ್ತು ಎರಡು ವರ್ಷ ಸಮಾಜಸೇವೆ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದೆ ಬಲಿಯಾದವರ ಪರಿಹಾರಕ್ಕೆಂದು ಆ ಹಣ. ತೀರ್ಪು ನ್ಯಾಯವೇ ಎಂದರೆ ನನಗೆ ಈಗಲೂ ಒಪ್ಪಿಗೆಯಿಲ್ಲ, ಆ ಮಾತು ಬೇರೆ.

"ನಿನ್ನನ್ನು ತಡೆದವನೂ ಅಂಥ ಒಬ್ಬ ಪೇದೆಯೇ ಕಣೋ," ಎಂದೆ. ಅವನು ಊಟ ಬಿಟ್ಟು ಎದ್ದ. ಒಂದು ವಾರ ನನ್ನೊಡನೆ ಮಾತಿಲ್ಲ.

ಆಮೇಲೆ ಮೆಟ್ರೋ ಹಿಡಿದ: ಜನಕಪುರಿ ಪಶ್ಚಿಮದಿಂದ ಹೌಜ್ ಖಾಸ್, ಅಲ್ಲಿ ಇಳಿದು ಹಳದಿ ಮಾರ್ಗ. ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ಇವನೇ ಏನ್ರೀ?" ಎಂದರು. ಸಾಂಬಾರು ಬಡಿಸುತ್ತಿದ್ದವನಿಗೆ ಕೇಳಿಸಿತು. "ಹೌದು ಸಾರ್, ನಾನೇ," ಎಂದು ಸೌಟು ಮುಂದೆ ಮಾಡಿದ.

ಮೊನ್ನೆ ಹೊಸ ಕೆಲಸದ ಅರ್ಜಿಯಲ್ಲೊಂದು ಪ್ರಶ್ನೆ: ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ? "ಬರೀ ದಂಡ ತಾನೇ, ಇಲ್ಲ ಅಂತ ಬರೆಯಲಾ ಮಾಮ?" "ದಂಡವೂ ಶಿಕ್ಷೆಯೇ ಅಲ್ಲವೇನೋ?" ಎಂದೆ. ಬಹಳ ಹೊತ್ತು ಕುಳಿತಿದ್ದು, ಹೌದು ಎಂದು ಬರೆದು ಕೋರ್ಟಿನ ಆದೇಶದ ಪ್ರತಿ ಲಗತ್ತಿಸಿದ. ಉತ್ತರ ಇನ್ನೂ ಬಂದಿಲ್ಲ. ಲೈಸೆನ್ಸು ಎಂದೋ ಮರಳಿದೆ. ಕಾರಿನ ಕೀಲಿಯನ್ನು ಅವನು ಈವರೆಗೆ ಕೇಳಿಲ್ಲ. ಇದನ್ನು ಬರೆಯಲು ಅವನ ಒಪ್ಪಿಗೆಯಿದೆ. ಅಕ್ಕನದು ಪಡೆಯಬೇಕಾಗಿದೆ.