ಸೂರ್ಯನ ಮುಂದೆ ಸೌಟು

ನನ್ನ ಮೊಬೈಲಿನ ಫೋಟೋಗಳನ್ನು ಅಕಸ್ಮಾತ್ ಯಾರಾದರೂ ನೋಡಿದರೆ ನನಗೆ ತಲೆ ಸರಿಯಿಲ್ಲವೆಂದೇ ತಿಳಿದುಕೊಳ್ಳುತ್ತಾರೆ. ಮಗಳ ಸೀಮಂತ, ಶಾಲೆಯ ವಾರ್ಷಿಕೋತ್ಸವ, ಮೊಮ್ಮಗುವಿನ ಮೊದಲ ಹಲ್ಲು, ಇವುಗಳ ನಡುನಡುವೆ ಆಕಾಶಕ್ಕೆ ಎತ್ತಿ ಹಿಡಿದ ಸಾರಿನ ಸೌಟಿನ ಫೋಟೋಗಳು ಇಪ್ಪತ್ತೊಂದಿವೆ. ಸೌಟು ಕಪ್ಪಗೆ ಕಾಣುತ್ತದೆ. ಅದರ ಸುತ್ತ, ಸಾಕಷ್ಟು ದೂರದಲ್ಲಿ, ದೊಡ್ಡದೊಂದು ಬೆಳಕಿನ ಬಳೆ. ಸೌಟಿನ ಹಿಂದೆ ಅಡಗಿರುವವನು ಸೂರ್ಯ. ಅವನನ್ನು ಮರೆಮಾಡದೆ ಬಳೆಯ ಫೋಟೋ ತೆಗೆಯಲು ಹೋದರೆ ಚಿತ್ರವೆಲ್ಲ ಬೆಳ್ಳಗಾಗಿ ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಣ್ಣು ಹಾಳಾಗುತ್ತದೆ. ಬೇರೆಯವರು ದೀಪದ ಕಂಬವನ್ನೋ ಮನೆಯ ಸೂರನ್ನೋ ಅಡ್ಡ ಇಟ್ಟುಕೊಳ್ಳುತ್ತಾರಂತೆ. ನಾನು ಅಡುಗೆಮನೆಯಿಂದ ಓಡಿ ಬರುವವಳಾದ್ದರಿಂದ ನನ್ನ ಕೈಯಲ್ಲಿ ಸೌಟೇ ಇರುತ್ತದೆ!

ಪಂಡಿತರು ಇದಕ್ಕೆ ಪರಿವೇಷ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ‘ಸೂರ್ಯ ಕೊಡಿ ಹಿಡಿದಾನ’ ಎನ್ನುತ್ತಿದ್ದರು. ಅಜ್ಜಿ ಹಾಗೆಂದು ಕೂಗಿದರೆ ಮಕ್ಕಳೆಲ್ಲ ಅಂಗಳಕ್ಕೆ ಓಡುತ್ತಿದ್ದೆವು. ಕೊಡೆ ದೂರವಾದರೆ ಮಳೆ ಹತ್ತಿರ, ಕೊಡೆ ಹತ್ತಿರವಾದರೆ ಮಳೆ ದೂರ ಎಂದೇನೋ ಅವಳ ಲೆಕ್ಕ. ಅಮ್ಮನಿಗೂ ಆಗ ಅದರ ಬಗ್ಗೆ ಭಯವೇನೂ ಇರಲಿಲ್ಲ.

ಭಯ ಬಂದದ್ದು 1979ರ ಬೇಸಿಗೆಯಲ್ಲಿ. ಅಪ್ಪ ಗದಗಿನ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಒಂದು ಮಧ್ಯಾಹ್ನ ಸೂರ್ಯನ ಸುತ್ತ ಬಳೆ ಬಿದ್ದಿತ್ತಂತೆ. ಮರುದಿನ ಗಿರಣಿಗೆ ಹೋದ ಅಪ್ಪ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ನನಗೆ ಒಂಬತ್ತು ವರ್ಷ, ತಮ್ಮನಿಗೆ ನಾಲ್ಕು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ‘ಕೊಡಿ’ ಎಂಬ ಮಾತನ್ನೇ ಎತ್ತುವಂತಿರಲಿಲ್ಲ. ಮರುವರ್ಷ, 1980ರ ಫೆಬ್ರವರಿ 16ರಂದು, ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಬಂದು ನಮ್ಮ ಗದಗಿನ ಮೇಲೆ ಹಾದು ರಾಯಚೂರಿನತ್ತ ಹೋಯಿತು. ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಪೆಟ್ಟಿಗೆ ಪೆಟ್ಟಿಗೆ ಸಾಮಾನು ಹೊತ್ತು ನಮ್ಮ ಸೀಮೆಗೆ ಬಂದಿದ್ದರು. ನಾವು ಮಾತ್ರ ಬಾಗಿಲಿಗೆ ಅಗಳಿ ಹಾಕಿ, ಬೆಳಕಿಂಡಿಗೂ ಗೋಣಿಚೀಲ ಮುಚ್ಚಿ, ಅಮ್ಮನ ಸೆರಗು ಹಿಡಿದುಕೊಂಡು ಕೂತಿದ್ದೆವು. ಜನ್ಮದಲ್ಲಿ ಒಮ್ಮೆ ಮನೆಯ ಮಾಳಿಗೆಯ ಮೇಲೇ ನಡೆದ ವೈಭವ ನನಗೆ ಗೋಣಿಚೀಲದ ವಾಸನೆಯಾಗಿ ಮಾತ್ರ ನೆನಪಿದೆ. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಸಮಾಜ ಮತ್ತು ಕನ್ನಡ. ಸೂರ್ಯನ ಬಳೆ ವಿಜ್ಞಾನದ ಮೇಷ್ಟರಿಗೆ ಸೇರಿದ್ದು ಎಂದುಕೊಂಡು ನಿಶ್ಚಿಂತೆಯಾಗಿದ್ದೆ. ಆದರೆ ಮೋಡಗಳು ಭೂಗೋಳದ ಪಾಠದಲ್ಲಿವೆ, ಭೂಗೋಳ ನನ್ನ ಪಾಲಿನದು. 1997ರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಿಟಕಿಯಾಚೆ ಕೈತೋರಿಸಿ, “ಟೀಚರ್, ಅದು ಯಾವ ಮೋಡ?” ಎಂದಳು. ಬಗ್ಗಿ ನೋಡಿದರೆ ಅದೇ ಬಳೆ. ಅಮ್ಮನ ಮಗಳಲ್ಲವೇ, ಎದೆ ಧಸಕ್ಕೆಂದಿತು. “ಅದೆಲ್ಲ ನೋಡಬಾರದು, ಪುಸ್ತಕ ನೋಡು” ಎಂದುಬಿಟ್ಟೆ. ಹದಿನೇಳು ವರ್ಷ ಹಿಂದಿನ ಗೋಣಿಚೀಲವನ್ನು ನಾನೇ ಆ ಹುಡುಗಿಯ ಕಣ್ಣಿಗೆ ಮುಚ್ಚಿದೆ ಎಂದು ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಮರುದಿನ ವಿಜ್ಞಾನದ ಮೇಷ್ಟರು ಮೂಲೆಯಲ್ಲಿ ಬಿದ್ದಿದ್ದ ಮೋಟು ಪೆನ್ಸಿಲ್ಲೊಂದನ್ನು ಎತ್ತಿಕೊಂಡು ಹೇಳಿಕೊಟ್ಟರು. ಪೆನ್ಸಿಲ್ಲಿಗೆ ಆರು ಮೈ ಇರುತ್ತವಲ್ಲ, ಮೇಲಿನ ತೆಳು ಮೋಡದಲ್ಲಿರುವ ಹಿಮದ ಹರಳುಗಳೂ ಹಾಗೆಯೇ. ಬೆಳಕು ಒಂದು ಮೈಯಿಂದ ಹೊಕ್ಕು, ಪಕ್ಕದ್ದನ್ನು ಬಿಟ್ಟು ಅದರ ಆಚೆಯ ಮೈಯಿಂದ ಹೊರಬರುತ್ತದೆ. ಬರುವಾಗ ಕಡಿಮೆಯೆಂದರೂ ಇಪ್ಪತ್ತೆರಡು ಡಿಗ್ರಿಯಷ್ಟು ಬಾಗಿರುತ್ತದೆ. ಅದಕ್ಕಿಂತ ಕಡಿಮೆ ಬಾಗುವುದು ಸಾಧ್ಯವೇ ಇಲ್ಲ. ಹೀಗಾಗಿ ಲಕ್ಷಾಂತರ ಹರಳುಗಳ ಬೆಳಕು ಸೂರ್ಯನಿಂದ ಅಷ್ಟು ದೂರದಲ್ಲಿ ಒತ್ತಾಗಿ ಸೇರಿ ಬಳೆಯಾಗುತ್ತದೆ. ಬಳೆಯ ಒಳಗಿನ ಆಕಾಶ ಸ್ವಲ್ಪ ಮಬ್ಬಾಗಿ ಕಾಣುತ್ತದೆ. ಒಳ ಅಂಚು ಕೆಂಪು, ಹೊರಗೆ ಹೋದಂತೆ ಬಿಳಿ, ನೀಲಿ. ಕೈಯನ್ನು ನೀಳವಾಗಿ ಚಾಚಿ ಬೆರಳು ಅಗಲಿಸಿ, ಹೆಬ್ಬೆರಳ ತುದಿಯಿಂದ ಸೂರ್ಯನನ್ನು ಮುಚ್ಚಿದರೆ ಕಿರುಬೆರಳ ತುದಿ ಹೆಚ್ಚುಕಡಿಮೆ ಬಳೆಯ ಮೇಲೆ ಬರುತ್ತದೆ. ಗೇಣಿನಲ್ಲಿ ಅಳೆಯುವುದು ನಮಗೇನು ಹೊಸತೇ?

ನನಗೆ ಆಶ್ಚರ್ಯವಾದದ್ದು ಅದಲ್ಲ. ಏಪ್ರಿಲ್ಲಿನ ಗದಗಿನಲ್ಲಿ ಅಂಗಳಕ್ಕೆ ಕಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು. ಆಗಲೂ ನೆತ್ತಿಯ ಮೇಲೆ ಏಳೆಂಟು ಕಿಲೋಮೀಟರಿನಾಚೆ ಹಿಮ ತೇಲುತ್ತಿರುತ್ತದೆ! ಮೇಲೆ ಹೋದಂತೆ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಾನೇ. ಆ ಲೆಕ್ಕವನ್ನು ಒಂದು ದಿನವಾದರೂ ತಲೆ ಎತ್ತಿ ನೋಡಿರಲಿಲ್ಲ. ಇನ್ನೊಂದು ಮಾತು ಹೇಳಿದರು ಮೇಷ್ಟರು. ನನ್ನ ಕಣ್ಣಿಗೆ ಬೆಳಕು ಕಳಿಸುವ ಹರಳುಗಳೇ ಬೇರೆ, ಪಕ್ಕದಲ್ಲಿ ನಿಂತವರ ಕಣ್ಣಿಗೆ ಕಳಿಸುವ ಹರಳುಗಳೇ ಬೇರೆ. ಹಾಗಾಗಿ ಒಬ್ಬರ ಬಳೆಯನ್ನು ಇನ್ನೊಬ್ಬರು ನೋಡಿದ್ದೇ ಇಲ್ಲವಂತೆ.

ಮುಂದಿನ ಸಲ ಬಳೆ ಕಂಡಾಗ ಮೈದುನನ ಕ್ಯಾಮೆರಾ ಎರವಲು ತಂದು ಆರು ಫೋಟೋ ತೆಗೆದೆ. ಐವತ್ತು ಮಿಲಿಮೀಟರಿನ ಲೆನ್ಸು. ಬಳೆಯ ಅಗಲ ನಲವತ್ತನಾಲ್ಕು ಡಿಗ್ರಿ. ಚಾಪೆಗಿಂತ ಕಾಲು ಉದ್ದ. ಅರ್ಧ ಬಳೆ ಮಾತ್ರ ಬಂದಿತ್ತೆಂದು ನಂತರ ನೆಗೆಟಿವ್ ನೋಡಿ ತಿಳಿಯಿತು. ಸ್ಟುಡಿಯೋದವನು, “ಮೇಡಂ, ಆರರಾಗೂ ಸೌಟು ಅಡ್ಡ ಬಂದೈತಿ, ಪ್ರಿಂಟ್ ಹಾಕಲಿಲ್ರೀ” ಎಂದು ಪಾಪ, ನನ್ನ ದುಡ್ಡು ಉಳಿಸಿಕೊಟ್ಟಿದ್ದ. ಈಗಿನ ಮೊಬೈಲಿನ ಅಗಲ ಕಣ್ಣಿನಲ್ಲಿ ಇಡೀ ಬಳೆ ಅಂಚಿಗೆ ಅಂಚು ಕೂತುಬಿಡುತ್ತದೆ.

ಈ ಹುಚ್ಚು ಹತ್ತಿದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಪರಿವೇಷಕ್ಕೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಗಾಳಿಯಿಂದ ಕಿರಣಗಳು ದುಂಡಗಾಗುತ್ತವೆ ಎಂಬುದು ಅವನ ಕಾರಣ; ಅದು ತಪ್ಪಿರಬಹುದು. ಆದರೆ ತೆಳು ಮೋಡವಿರುವ ಆಕಾಶ ಬೇಕು ಎಂಬುದನ್ನು ಆರನೆಯ ಶತಮಾನದಲ್ಲೇ ಗುರುತಿಸಿದ್ದ. ಆಮೇಲೆ ರಾಜನಿಗೆ ಕೇಡು, ಸೇನೆಗೆ ಕೇಡು ಎಂದು ಫಲ ಹೇಳುತ್ತಾ ಹೋಗುತ್ತಾನೆ. ನಮ್ಮವರಿಗೆ ಮಾತ್ರ ಈ ಹೆದರಿಕೆ ಎಂದುಕೊಳ್ಳಬೇಡಿ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1535ರ ಏಪ್ರಿಲ್ 20ರಂದು ಸೂರ್ಯನ ಸುತ್ತ ಬಳೆಗಳೂ ಪಕ್ಕದಲ್ಲಿ ಹುಸಿಸೂರ್ಯರೂ ಕಾಣಿಸಿಕೊಂಡು ಊರೆಲ್ಲ ದೇವರ ಕೋಪವೆಂದು ನಡುಗಿತು. ಅದನ್ನು ಚಿತ್ರ ಬರೆಸಿಟ್ಟರು. ಮೂಲ ಕಳೆದುಹೋಗಿದ್ದರೂ 1636ರಲ್ಲಿ ತೆಗೆದ ಅದರ ನಕಲು ಅಲ್ಲಿನ ದೊಡ್ಡ ಇಗರ್ಜಿಯಲ್ಲಿದೆ. ಆ ನಗರದ ಅತಿ ಹಳೆಯ ಬಣ್ಣದ ಚಿತ್ರ ಅದೇ. ಹೆದರಿಕೆಯಿಂದಲಾದರೂ ಊರಿಗೊಂದು ಚಿತ್ರ ಸಿಕ್ಕಿತು.

ಚಳಿದೇಶದವರ ಆಕಾಶದಲ್ಲಿ ಇಂಥವು ಬಗೆಬಗೆಯಾಗಿ ಕಾಣುತ್ತವೆ. ಫಿನ್ಲೆಂಡಿನ ಯಾರ್ಮೋ ಮೊಯ್ಲಾನೆನ್ ಎಂಬಾತ 1995ರಲ್ಲಿ ಅದುವರೆಗೆ ಹೆಸರೇ ಇಲ್ಲದಿದ್ದ ಕಮಾನೊಂದನ್ನು ಫೋಟೋದಲ್ಲಿ ಹಿಡಿದ. ಅದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಓದಿ ಹೊಟ್ಟೆಕಿಚ್ಚಾಯಿತು. ಆದರೆ ನಮ್ಮದೂ ಒಂದಿದೆ. ಸೂರ್ಯ ಐವತ್ತೆಂಟು ಡಿಗ್ರಿಗಿಂತ ಮೇಲೇರಿದಾಗ, ಚಪ್ಪಟೆ ಹರಳುಗಳು ತಟ್ಟೆಯಂತೆ ಮಲಗಿ ತೇಲುತ್ತಿದ್ದರೆ, ಸೂರ್ಯನಿಂದ ಬಹಳ ಕೆಳಗೆ, ದಿಗಂತಕ್ಕೆ ಸಮನಾಗಿ, ಇಳಕಲ್ ಸೀರೆಯ ದಡಿಯಂಥ ಬಣ್ಣದ ಪಟ್ಟಿ ಬೀಳುತ್ತದೆ. ಕಾಮನಬಿಲ್ಲಿಗಿಂತ ಬಣ್ಣ ಸ್ವಚ್ಛ. ಹೆಲ್ಸಿಂಕಿಯಲ್ಲಿ ಸೂರ್ಯ ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ. ನಮ್ಮಲ್ಲಿ ವರ್ಷದ ಬಹುಪಾಲು ನಡುಮಧ್ಯಾಹ್ನ ಏರುತ್ತಾನೆ. 2019ರ ಮಾರ್ಚಿನಲ್ಲಿ ಊಟದ ಬಿಡುವಿನಲ್ಲಿ ಶಾಲೆಯ ವರಾಂಡದಿಂದ ನನಗದು ಕಂಡಿತು. ನಾಲ್ಕು ನಿಮಿಷ. ಇದ್ದಬದ್ದ ಮಕ್ಕಳನ್ನೆಲ್ಲ ಕೂಗಿ ಕರೆದೆ. 1997ರ ಹುಡುಗಿಯ ಸಾಲ ತೀರಿತೆಂದು ಹೇಳಲಾರೆ, ಬಡ್ಡಿಯಷ್ಟಾದರೂ ಸಂದಿರಬೇಕು.

ಇಷ್ಟೆಲ್ಲ ತಿಳಿದುಕೊಂಡರೂ ಅಮ್ಮನ ಮುಂದೆ ಈ ವಿಷಯ ಎತ್ತಲು ನನಗೆ ಧೈರ್ಯವಿರಲಿಲ್ಲ. ಫೋಟೋಗಳನ್ನು ಅವಳಿಗೆ ಕಾಣದಂತೆ ಇಟ್ಟಿದ್ದೆ.

2021ರ ಮೇ ತಿಂಗಳು. ಕೊರೋನಾದ ಎರಡನೆಯ ಅಲೆ. ಬೆಂಗಳೂರಿನಲ್ಲಿ ತಮ್ಮ ಆಸ್ಪತ್ರೆ ಸೇರಿದ್ದ, ಆಮ್ಲಜನಕದ ಮೇಲಿದ್ದ. ನಾದಿನಿಗೂ ಸೋಂಕು, ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಏಪ್ರಿಲ್ಲಿನಲ್ಲಿ ನಾಲ್ಕು ದಿನಕ್ಕೆಂದು ಹೋಗಿದ್ದ ನಾನು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡು, ಅಮ್ಮನನ್ನೂ ತಮ್ಮನ ಮಗನನ್ನೂ ನೋಡಿಕೊಂಡಿದ್ದೆ. ಆಸ್ಪತ್ರೆಯಿಂದ ದಿನಕ್ಕೊಮ್ಮೆ ಸಂಜೆ ಫೋನು. ಅಲ್ಲಿಯವರೆಗೆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಆಂಬುಲೆನ್ಸುಗಳ ಸದ್ದು.

24ರಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹುಡುಗ ತಾರಸಿಯಿಂದ, “ಅತ್ತೆ, ಸೂರ್ಯನ ಸುತ್ತ ರಿಂಗು!” ಎಂದು ಕೂಗುತ್ತಾ ಇಳಿದು ಬಂದ. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಮಾತು ಅಮ್ಮನ ಕಿವಿಗೆ ಬಿದ್ದಾಗಿತ್ತು. ಐದು ನಿಮಿಷದಲ್ಲಿ ಎಲ್ಲರ ಫೋನುಗಳೂ ಟಿಣಿಟಿಣಿ. ಅರ್ಧ ಬೆಂಗಳೂರು ತಾರಸಿ ಏರಿತ್ತು. ಅಮ್ಮ ಏನೂ ಹೇಳಲಿಲ್ಲ. ದೇವರ ಕೋಣೆಗೆ ಹೋಗಿ ಗೋಡೆಗೆ ಒರಗಿ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ನುಂಗಿ ಉಣ್ಣದಿದ್ದರೆ ಏನಾದೀತೆಂದು ನನಗೆ ಕೈಕಾಲು ನಡುಗಿತು. ಆ ದಿನಗಳಲ್ಲಿ ಅವಳನ್ನು ಯಾವ ಆಸ್ಪತ್ರೆಗೆ ಒಯ್ಯಲಿ?

ಎದುರು ಕೂತು ಪಾಠ ಶುರುಮಾಡಿದೆ. ಹಿಮ, ಹರಳು, ಪೆನ್ಸಿಲ್ಲು. ಅವಳು ಕೇಳುತ್ತಲೇ ಇರಲಿಲ್ಲ. ಕೊನೆಗೆ ವಾದಕ್ಕೆ ಇಳಿದೆ. “ಅವ್ವಾ, ಇಡೀ ಬೆಂಗಳೂರಿಗೆ ಕಂಡೈತಿ. ಅಂದ್ರ ಎಲ್ಲಾರ ಮನ್ಯಾಗೂ ಕೆಟ್ಟದ್ದಾಗಬೇಕೇನು?”

ಅಮ್ಮ ಮುಖ ಎತ್ತಿ ನೋಡಿದಳು. “ಎಲ್ಲಾರ ಮನ್ಯಾಗೂ ಈಗ ಅದ ನಡದೈತಲ್ಲ?”

ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಹೇಳಿದವಳಿಗೆ ಆ ಮಾತಿಗೆ ಉತ್ತರ ಸಿಗಲಿಲ್ಲ. ಕಲಸಿದ ಅನ್ನದ ತಟ್ಟೆ ಹಿಡಿದು ಸುಮ್ಮನೆ ಪಕ್ಕದಲ್ಲಿ ಕೂತೆ. ಎಷ್ಟೋ ಹೊತ್ತಾದ ಮೇಲೆ ಅವಳೇ ಮಾತಾಡಿದಳು. ನಲವತ್ತೆರಡು ವರ್ಷಗಳಲ್ಲಿ ಮೊದಲ ಸಲ ಕೇಳಿದ ಮಾತು.

“ನಿಮ್ಮಪ್ಪ ನನ್ನ ಕರದಿದ್ರು. ಊಟಕ್ಕ ಬಂದವರು ಅಂಗಳದಾಗ ನಿಂತು, ಕೈ ಅಡ್ಡ ಹಿಡದು, ‘ಬಾ ಇಲ್ಲೆ, ಎಂಥಾ ಚೆಂದ ಬಿದ್ದೈತಿ ನೋಡು’ ಅಂದ್ರು. ಒಲಿ ಮ್ಯಾಲ ಎಣ್ಣಿ ಇತ್ತು. ಹಪ್ಪಳ ಕರೀಲಿಕ್ಕೆ ಹತ್ತಿದ್ದೆ. ‘ನಿಮಗೇನು ಬ್ಯಾರೆ ಕೆಲಸ ಇಲ್ಲ’ ಅಂದೆ. ಮತ್ತೊಮ್ಮೆ ಕರದ್ರು. ನಾ ಹೋಗಲೇ ಇಲ್ಲ.”

ನಾನು ಇಷ್ಟು ವರ್ಷ ಅಮ್ಮ ಬಳೆಗೆ ಹೆದರುತ್ತಾಳೆಂದು ತಿಳಿದಿದ್ದೆ.

“ಈಗ ಬಾ, ಹೋಗೋಣ” ಎಂದೆ. ಮಂಡಿನೋವಿನವಳು ಒಂದೊಂದೇ ಮೆಟ್ಟಿಲು ಏರಿ ತಾರಸಿ ತಲುಪುವಷ್ಟರಲ್ಲಿ ಬಳೆ ಹೋಗಿತ್ತು. ಹಾಲಿನ ಕೆನೆಯಂಥ ಮೋಡ ಚೂರುಚೂರಾಗಿ ಒಡೆದು ನೀಲಿ ಕಾಣುತ್ತಿತ್ತು. ನೀರಿನ ಟ್ಯಾಂಕಿಯ ನೆರಳಿನಲ್ಲಿ ಅವಳನ್ನು ಕೂರಿಸಿ, ಬಚ್ಚಿಟ್ಟಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. “ಇಷ್ಟೆಲ್ಲಾ ಯಾವಾಗ ತಗದಿ?” ಎಂದಳು. “ಎಲ್ಲಾದರಾಗೂ ಸೌಟು ಯಾಕ?” ಎಂದೂ ಕೇಳಿದಳು. ಕಾರಣ ಹೇಳಿದೆ. “ಅವರು ಬರೀ ಕೈ ಹಿಡದಿದ್ರು” ಎಂದಳು. ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟೆ. ಅರ್ಧ ಉಂಡಳು.

ತಮ್ಮ ಜೂನಿನ ಮೊದಲ ವಾರ ಮನೆಗೆ ಬಂದ, ಹದಿನಾಲ್ಕು ಕಿಲೋ ಇಳಿದು. ಅಮ್ಮ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ಇಳಿತೆಗೆದು ದೃಷ್ಟಿ ಸುಟ್ಟಳು. ಕೆಂಡದ ತಟ್ಟೆ ಹಿಡಿದು ನಿಂತವಳು ನಾನೇ. ಪೆನ್ಸಿಲ್ಲಿನ ಪಾಠ ನೆನಪಿಸುವ ಹೊತ್ತು ಅದಾಗಿರಲಿಲ್ಲ.

ಇಪ್ಪತ್ತೊಂದನೆಯ ಫೋಟೋ 2023ರ ಏಪ್ರಿಲ್ಲಿನದು, ಗದಗಿನ ಮನೆಯ ಅಂಗಳದ್ದು. ಅದರಲ್ಲಿ ಸೌಟು ಹಿಡಿದ ಕೈ ಅಮ್ಮನದು. ಫೋಟೋ ತೆಗೆಯುವ ಹೊತ್ತಿಗೆ ಅವಳ ಕೈ ನಡುಗಿ, ಸೌಟಿನ ಪಕ್ಕದಿಂದ ಸೂರ್ಯ ಇಣುಕಿ, ಬಲಗಡೆಯ ಅರ್ಧವೆಲ್ಲ ಬೆಳ್ಳಗಾಗಿಬಿಟ್ಟಿದೆ. ಇನ್ನೊಂದು ತೆಗೆಯೋಣವೆಂದರೆ, “ಸಾಕು, ಒಲಿ ಮ್ಯಾಲ ಹಾಲೈತಿ” ಎಂದು ಒಳಗೆ ಹೋದಳು.