ಬಿಗಿದ ಬೆನ್ನಿಗೊಂದು ಸೈಕಲ್

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಬೇನೆ ಇರುವ ನನ್ನ ಬೆನ್ನಿಗೆ ಮಲಗಿದಷ್ಟೂ ಬಿಗಿತ, ಓಡಾಡಿದಷ್ಟೂ ಸಡಿಲ. ಬೆಳಗಿನ ಹೊತ್ತು ಮಂಚದಿಂದ ಏಳುವುದೇ ಒಂದು ಕೆಲಸ. ಮೈ ಆಡಿಸುತ್ತಿರಿ ಎನ್ನುತ್ತಾರೆ ಡಾಕ್ಟರು, ಅದು ನಿಜವೂ ಹೌದು. ಆದರೆ ಮಾಮೂಲಿ ಸೈಕಲ್ಲಿನ ಮೇಲೆ ಮುಂದಕ್ಕೆ ಬಾಗಿ, ಕತ್ತೆತ್ತಿ ರಸ್ತೆ ನೋಡುವುದು ನನ್ನಿಂದಾಗದು. ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪ, ಬಳ್ಳಿಗಾವೆ, ತಾಳಗುಂದ ನೋಡಿಕೊಂಡು ಸೊರಬ ಸೇರಿ, ಚಂದ್ರಗುತ್ತಿಯವರೆಗೆ ತುಳಿಯಬೇಕೆಂಬ ಆಸೆ ಮಾತ್ರ ಬಿಟ್ಟಿಲ್ಲ. ಹಾಗಾಗಿ ನನ್ನ ಹುಡುಕಾಟ ಒರಗಿ ಕೂತು ತುಳಿಯುವ ರೆಕಂಬೆಂಟ್ ಸೈಕಲ್ಲಿನ ಕಡೆ ತಿರುಗಿತು.

ಇದು ಹೊಸದೇನಲ್ಲ. 1933ರಲ್ಲಿ ಫ್ರಾನ್ಸಿಸ್ ಫೋರ್ ಪ್ಯಾರಿಸ್ಸಿನಲ್ಲಿ ಇಂಥದರ ಮೇಲೆ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿ ಹಳೆಯ ದಾಖಲೆ ಮುರಿದರು. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದನ್ನು ಪಂದ್ಯಗಳಿಂದಲೇ ಹೊರಗಿಟ್ಟಿತು. ಪಂದ್ಯದಲ್ಲಿಲ್ಲದ್ದು ಅಂಗಡಿಗೆ ಬರುವುದೂ ಕಷ್ಟ. ಶಿಕಾರಿಪುರದಲ್ಲಿ ಕೇಳಿದರೆ ಅಂಗವಿಕಲರ ಕೈ ಟ್ರೈಸಿಕಲ್ ತೋರಿಸುತ್ತಾರೆ.

ಬೆಂಗಳೂರಿನ ಗೆಳೆಯರೊಬ್ಬರ ಹತ್ತಿರ ಮುಂದೆ ಎರಡು, ಹಿಂದೆ ಒಂದು ಚಕ್ರದ ಗಾಡಿಯಿದೆ. ಕೂತರೆ ನೆಲ ಕೈಗೆ ಸಿಗುತ್ತದೆ. ಜಾಲರಿ ಬಟ್ಟೆಯ ಸೀಟು ಸೊಂಟದಿಂದ ಹೆಗಲವರೆಗೂ ಬೆನ್ನನ್ನು ಹಿಡಿದುಕೊಂಡಿತು. ಅಂಗೈ ಮೇಲೆ ಭಾರವೇ ಇಲ್ಲ. ಎಷ್ಟೋ ವರ್ಷದ ಮೇಲೆ ನೋವಿಲ್ಲದೆ ತುಳಿದೆ. ಇಳಿಯುವಾಗ ಮಾತ್ರ ಇಬ್ಬರು ಕೈಹಿಡಿದು ಎಬ್ಬಿಸಬೇಕಾಯಿತು. ಒಂಟಿಯಾಗಿ ಊರು ಸುತ್ತುವವನಿಗೆ ಅದು ನಡೆಯದು. ಅಂದೇ ತೀರ್ಮಾನಿಸಿದೆ, ಸೀಟು ಕುರ್ಚಿಯ ಎತ್ತರಕ್ಕಿರಬೇಕು. ಮುಂದೆ ಒಂದು, ಹಿಂದೆ ಎರಡು ಚಕ್ರದ ಗಾಡಿಗಳಲ್ಲಿ ಅಂಥ ಸೀಟು ಸಿಗುತ್ತದೆ. ಎತ್ತರ ಹೆಚ್ಚಿದ್ದರಿಂದ ತಿರುವಿನಲ್ಲಿ ವೇಗ ಇಳಿಸಬೇಕು, ಇಳಿಸಿದರಾಯಿತು.

ಒರಗುವ ಕೋನ ಬದಲಿಸುವಂತಿರಬೇಕು. ಕತ್ತು ಬಿಗಿದವರು ಹೆಚ್ಚು ಒರಗಿದರೆ ರಸ್ತೆಯ ಬದಲು ಆಕಾಶ ಕಾಣುತ್ತದೆ. ಗುಡವಿ ಪಕ್ಷಿಧಾಮದ ಕಡೆ ಹೋದಾಗ ಬೇಕಾಗುವುದೂ ಅದೇ. ಮರದ ಮೇಲಿನ ಕೆಂಬರಲುಗಳನ್ನು ನಾನು ನೋಡಬೇಕಾದರೆ ಸೀಟೇ ನನ್ನನ್ನು ಹಿಂದಕ್ಕೆ ವಾಲಿಸಬೇಕು. ತಿರುಗಿ ನೋಡಲಾಗದ್ದರಿಂದ ಎರಡೂ ಕಡೆ ಕನ್ನಡಿ, ಶಿರಾಳಕೊಪ್ಪದ ಲಾರಿ ಬಸ್ಸುಗಳ ಕಣ್ಣಿಗೆ ಬೀಳಲು ಎತ್ತರದ ಬಾವುಟ. ಏರಿನಲ್ಲಿ ಎದ್ದು ನಿಂತು ತುಳಿಯುವಂತಿಲ್ಲ, ಹಗುರ ಗೇರು ಬೇಕೇ ಬೇಕು. ಎರಡು ಚಕ್ರದವರು ಗುಂಡಿ ತಪ್ಪಿಸಬಹುದು. ಮೂರು ಚಕ್ರಕ್ಕೆ ಮೂರು ಜಾಡು, ಒಂದಾದರೂ ಗುಂಡಿಗೆ ಇಳಿದೇ ಇಳಿಯುತ್ತದೆ. ಆದ್ದರಿಂದ ದಪ್ಪ ಟೈರು. ಚಕ್ರ 20 ಇಂಚಿನದಾದರೆ ಮಕ್ಕಳ ಸೈಕಲ್ಲಿನ ಟ್ಯೂಬೇ ಸಾಕು, ಸೊರಬದಲ್ಲೂ ಸಿಗುತ್ತದೆ.

ಹೊರದೇಶದಿಂದ ತರಿಸಿದರೆ ಇಂಥ ಗಾಡಿ ನಮ್ಮಂಥವರ ಕೈಗೆಟುಕದು. ಹಾಗಾಗಿ ಸರ್ಕಾರದ ಕಡೆ ನೋಡುತ್ತೇನೆ. ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಕರ್ನಾಟಕದಲ್ಲಿ 2006-07ರಲ್ಲಿ ಶುರುವಾಯಿತು. ಆಗ ಹಣಕಾಸು ಸಚಿವರಾಗಿದ್ದವರು ಶಿಕಾರಿಪುರದ ಶಾಸಕ ಯಡಿಯೂರಪ್ಪನವರೇ. ಅಂಗವಿಕಲರಿಗೆ ಕೈಯಲ್ಲಿ ತಿರುಗಿಸುವ ಟ್ರೈಸಿಕಲ್ ಕೂಡ ಸರ್ಕಾರ ಕೊಡುತ್ತಿದೆ. ಕಾಲಿನಲ್ಲಿ ಬಲವಿದ್ದೂ ಬೆನ್ನು ಬಾಗದವರಿಗೆ, ಕುರ್ಚಿ ಎತ್ತರದ ಒರಗು ಸೀಟಿನ, ಕಾಲಲ್ಲಿ ತುಳಿಯುವ ಗಾಡಿಯೊಂದನ್ನು ಸರ್ಕಾರ ಕೊಡುವ ಸಾಧನಗಳ ಪಟ್ಟಿಗೆ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ.