ಬೇರೆ ಮನೆ ಇದೆಯೇ ಎಂದು ಕೇಳಿದರು

ಕಳೆದ ಅಕ್ಟೋಬರಿನಲ್ಲಿ ಒಂದು ರಾತ್ರಿ ಪಂಚಾಯಿತಿ ಸಭೆಯ ಸುದ್ದಿ ಕಳಿಸಿ ಊಟಕ್ಕೆ ಕೂತಿದ್ದೆವು. ಡಿಪ್ಲೊಮಾದಲ್ಲಿ ನಮ್ಮ ಜೊತೆ ಓದಿದ ಗೆಳೆಯನಿಂದ ವಾಟ್ಸಾಪಿಗೆ ಒಂದರ ಹಿಂದೊಂದು ಫೋಟೊ ಬಂದವು. ಬಿಳಿ ಗೋಡೆ, ಮರದ ನೆಲ, ಸೌದೆ ಒಲೆ, ಕಿಟಕಿಯಾಚೆ ಬಂದರಿನ ದೋಣಿಗಳು. ಕೊನೆಗೊಂದು ಪಿಡಿಎಫ್, ಜೊತೆಗೆ ಒಂದು ಮಾತು: "ಮಾರಾಯ, ಇದನ್ನೊಮ್ಮೆ ಓದಿ ಹೇಳು. ಸೈಟು, ಫ್ಲ್ಯಾಟಿನ ಜಾಹೀರಾತು ನೀನು ಬರೆದಷ್ಟು ನಮ್ಮ ಬ್ಯಾಚಿನಲ್ಲಿ ಯಾರೂ ಬರೆದಿಲ್ಲ."

ಮಾತು ಸುಳ್ಳಲ್ಲ. ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿರುವವರಿಗೆ ಸುದ್ದಿಗೆ ಸಿಗುವ ಹಣ ಬೈಕಿನ ಪೆಟ್ರೋಲಿಗೆ ಸರಿಹೋಗುತ್ತದೆ. ಮನೆ ನಡೆಯುವುದು ಪುರವಣಿಯ ಜಾಹೀರಾತಿನ ಕಮಿಷನ್ನಿನಲ್ಲಿ. ಲೇಔಟ್, ರೆಸಾರ್ಟ್, ಹೋಂಸ್ಟೇ ಎಲ್ಲದರ ಬಗ್ಗೆಯೂ ಬರೆದಿದ್ದೇವೆ. 'ಕಡಲಿಗೆ ಐದೇ ನಿಮಿಷ' ಎಂದು ನಾವು ಬರೆದ ಒಂದು ಜಾಗದಿಂದ ಕಡಲಿಗೆ ನಡೆಯಲು ಇಪ್ಪತ್ತು ನಿಮಿಷ ಬೇಕು.

ಗೆಳೆಯನ ಹೆಂಡತಿ ಸ್ಕಾಟ್‌ಲೆಂಡಿನ ಫೈಫ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಅವನು ಅಲ್ಲೇ ಹೋಟೆಲೊಂದರ ಅಡುಗೆಮನೆಯಲ್ಲಿದ್ದಾನೆ. ಬಾಡಿಗೆ ಕಟ್ಟಿ ಸಾಕಾಗಿ, ಬ್ಯಾಂಕಿನವರು ಸಾಲ ಕೊಡಬಹುದು ಎಂದ ಮೇಲೆ ಮನೆ ಹುಡುಕಲು ಹೊರಟಿದ್ದರು. ಕಣ್ಣಿಗೆ ಬಿದ್ದದ್ದು ಪಿಟನ್‌ವೀಮ್ ಎಂಬ ಊರಿನ, ಹೊಸದಾಗಿ ದುರಸ್ತಿಯಾದ ಈ ಫ್ಲ್ಯಾಟು.

ಜಾಹೀರಾತಿನ ಭಾಷೆ ನಮಗೆ ತವರಿನ ಭಾಷೆಯಿದ್ದಂತೆ. 'ಕಡಲಿನ ಇಣುಕು ನೋಟ' ಎಂದಿದ್ದರೆ ಒಂದೇ ಕಿಟಕಿಯಿಂದ, ಅದೂ ಓರೆಯಾಗಿ ನಿಂತರೆ ಕಾಣುತ್ತದೆ ಎಂದರ್ಥ. 'ನೋಡಿದ್ದಕ್ಕಿಂತ ವಿಶಾಲ' ಎಂದರೆ ಚಿಕ್ಕದು. 'ಬಟ್ಟೆಬರೆ ತಂದು ವಾಸ ಶುರುಮಾಡಿ' ಎಂದರೆ ಬಣ್ಣ ಹೊಸದು. ಇಷ್ಟನ್ನು ಅವನಿಗೆ ಬರೆದು ಮಲಗಿದೆವು. ಆದರೆ ಫೋಟೊದಲ್ಲಿದ್ದ ಒಂದು ಕಲ್ಲಿನ ಮೆಟ್ಟಿಲು ತಲೆಯಲ್ಲಿ ಉಳಿಯಿತು. ರಸ್ತೆಯಿಂದ ನೇರವಾಗಿ ಹೊರಗೋಡೆಗೆ ಅಂಟಿಕೊಂಡೇ ಮೇಲಂತಸ್ತಿನ ಬಾಗಿಲಿಗೆ ಏರುವ ಮೆಟ್ಟಿಲು. ಮನೆಯೊಳಗೆ ಮೆಟ್ಟಿಲು ಕಟ್ಟದೆ ಹೊರಗೆ ಯಾಕೆ ಕಟ್ಟಿದರು?

ಮರುದಿನ ಕೂತು ಓದಿದೆವು. ಪಿಟನ್‌ವೀಮ್ ಇರುವುದು ಎಡಿನ್‌ಬರೋದಿಂದ ಫೋರ್ತ್ ಕೊಲ್ಲಿಯ ಆಚೆ ದಡದಲ್ಲಿ. ಆ ಕರಾವಳಿಗೆ ಈಸ್ಟ್ ನ್ಯೂಕ್ ಎಂದು ಹೆಸರು. ಸ್ಕಾಟ್ಸ್ ಮಾತಿನಲ್ಲಿ ನ್ಯೂಕ್ ಎಂದರೆ ಮೂಲೆ. ಕ್ರೇಲ್, ಆನ್‌ಸ್ಟ್ರದರ್, ಪಿಟನ್‌ವೀಮ್, ಸೇಂಟ್ ಮೊನಾನ್ಸ್ ಹೀಗೆ ಸಾಲಾಗಿ ಮೀನುಗಾರರ ಊರುಗಳು. ಕೆಂಪು ಹೆಂಚು, ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಡೆಯ ತುದಿ. ಆ ಮನೆಗಳಲ್ಲಿ ಕೆಳಗಿನ ಅಂತಸ್ತು ಬಲೆ, ಹಗ್ಗ, ದೋಣಿಯ ಸಾಮಾನಿಗೆ, ಸಂಸಾರ ಮೇಲಂತಸ್ತಿನಲ್ಲಿ. ಮೆಟ್ಟಿಲು ಹೊರಗಿದ್ದುದು ಅದಕ್ಕೆ. ಗೆಳೆಯ ಕಳಿಸಿದ ಫ್ಲ್ಯಾಟಿನ ಅಡಿಯಲ್ಲಿ ಈಗ ಇರುವುದು ಇನ್ನೊಬ್ಬರ ಫ್ಲ್ಯಾಟು. ಅದರ ಮಾಲೀಕರು ಬೇಸಿಗೆಯಲ್ಲಿ ಮಾತ್ರ ಬರುತ್ತಾರಂತೆ.

ಆ ಊರುಗಳನ್ನು ಬೆಳೆಸಿದ್ದು ಹೆರಿಂಗ್ ಮೀನು. ಮೊದಲ ಮಹಾಯುದ್ಧಕ್ಕೆ ಮುಂಚೆ ಸ್ಕಾಟ್‌ಲೆಂಡಿನ ಹೆರಿಂಗ್ ಉಪ್ಪು ಹಾಕಿದ ಪೀಪಾಯಿಗಳಲ್ಲಿ ಜರ್ಮನಿ, ರಷ್ಯಾಗಳಿಗೆ ಹೋಗುತ್ತಿತ್ತು. ಮೀನು ಸೀಳಿ ಉಪ್ಪು ಹಾಕುವ ಹೆಂಗಸರು ದೋಣಿಗಳ ಹಿಂದೆ ಉತ್ತರದ ಶೆಟ್ಲೆಂಡಿನಿಂದ ಇಂಗ್ಲೆಂಡಿನ ಯಾರ್ಮತ್ ತನಕ ಬಂದರಿನಿಂದ ಬಂದರಿಗೆ ಹೋಗಿ ದುಡಿಯುತ್ತಿದ್ದರು. ಯುದ್ಧದಿಂದ ಮಾರುಕಟ್ಟೆ ಹೋಯಿತು, ಆಮೇಲೆ ಮೀನೂ ಹೋಯಿತು. ಮನೆಗಳು ಒಂದೊಂದಾಗಿ ಬಿದ್ದವು. 1960ರಲ್ಲಿ ಸ್ಕಾಟ್‌ಲೆಂಡಿನ ನ್ಯಾಷನಲ್ ಟ್ರಸ್ಟ್ 'ಪುಟ್ಟ ಮನೆಗಳ' ಯೋಜನೆಯೊಂದನ್ನು ಶುರುಮಾಡಿತು. ಪಾಳುಬಿದ್ದ ಮನೆ ಕೊಳ್ಳುವುದು, ಹಳೆಯ ರೂಪ ಕೆಡದಂತೆ ದುರಸ್ತಿ ಮಾಡುವುದು, ಮುಂದೆಯೂ ಕೆಡಿಸಬಾರದೆಂಬ ಷರತ್ತು ಹಾಕಿ ಮಾರುವುದು, ಆ ಹಣದಲ್ಲಿ ಮುಂದಿನ ಮನೆ ಕೊಳ್ಳುವುದು. ಈ ಊರುಗಳು ಇವತ್ತು ಕ್ಯಾಲೆಂಡರಿನ ಚಿತ್ರದಂತೆ ಕಾಣುವುದರ ಹಿಂದೆ ಆ ಕೆಲಸವಿದೆ. ಗೋಡೆ, ಹೆಂಚು ಉಳಿದವು. ಒಳಗೆ ಯಾರಿರಬೇಕು ಎಂಬುದನ್ನು ಮಾತ್ರ ಕೊಳ್ಳುವವರ ಕಿಸೆ ತೀರ್ಮಾನಿಸಿತು. ಪಿಟನ್‌ವೀಮಿನ ಬಂದರಿನಲ್ಲಿ ಇನ್ನೂ ದೋಣಿಗಳಿವೆ. ಸಿಗಡಿ, ಏಡಿ ಇಳಿಯುತ್ತವೆ.

ಇನ್ನು ಪಿಡಿಎಫ್. ಅದರ ಹೆಸರು ಹೋಮ್ ರಿಪೋರ್ಟ್. 2008ರ ಡಿಸೆಂಬರಿನಿಂದ ಸ್ಕಾಟ್‌ಲೆಂಡಿನಲ್ಲಿ ಮನೆ ಮಾರುವವರೇ ಇದನ್ನು ಮಾಡಿಸಿ ಕೊಳ್ಳುವವರಿಗೆ ಕೊಡಬೇಕು. ಸರ್ವೇಯರ್ ಬಂದು ಚಾವಣಿ, ಗೋಡೆ, ಚರಂಡಿ ಎಲ್ಲ ನೋಡಿ ಒಂದು, ಎರಡು, ಮೂರು ಎಂದು ಅಂಕ ಹಾಕುತ್ತಾರೆ. ಒಂದು ಬಂದರೆ ಚಿಂತೆಯಿಲ್ಲ, ಮೂರು ಬಂದರೆ ತುರ್ತು. ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕು ಎಂಬ ವರದಿ ಬೇರೆ. ಮಾರುವವರೇ ಉತ್ತರ ಬರೆದ ಪ್ರಶ್ನಾವಳಿ ಬೇರೆ: ಪ್ರವಾಹ, ಬೆಂಕಿ, ಬಿರುಗಾಳಿಯಿಂದ ಹಾನಿಯಾಗಿತ್ತೇ, ಗೋಡೆ ಒಡೆದು ಬದಲಾವಣೆ ಮಾಡಿದ್ದೀರಾ, ಅನುಮತಿ ಇದೆಯೇ. ಮೂಲಪತ್ರ, ಇಸಿ, ಪಹಣಿ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿಳಿದ ನಮಗೆ, ಮಾರುವವರೇ ತಮ್ಮ ಮನೆಯ ದೋಷಪಟ್ಟಿ ಕೊಡುವುದನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಫೋಟೊದಲ್ಲಿ ಫಳಫಳ ಹೊಳೆಯುತ್ತಿದ್ದ ಮನೆಗೆ ಆ ವರದಿಯಲ್ಲಿ ತೇವದ ಸಾಲಿನಲ್ಲಿ ಎರಡು, ಹೆಂಚಿನ ಸಾಲಿನಲ್ಲಿ ಎರಡು ಬಿದ್ದಿತ್ತು. ಹಳೆಯ ಕಲ್ಲಿನ ಗೋಡೆ ಸುಣ್ಣದ ಗಾರೆಯ ಮೂಲಕ ಉಸಿರಾಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಕೆಂಪುಕಲ್ಲಿನ ಮನೆಗೆ ಸಿಮೆಂಟ್ ಬಳಿದು ಮಳೆಗಾಲದಲ್ಲಿ ಅನುಭವಿಸಿದ ನಮ್ಮ ಕರಾವಳಿಯವರಿಗೆ ಇದನ್ನು ಹೇಳಬೇಕಿಲ್ಲ. ಹೆಂಚಿನ ವಿಷಯ ಇನ್ನೂ ಸಿಕ್ಕು. ಕೆಳಮನೆ, ಮೇಲ್ಮನೆ ಎರಡಕ್ಕೂ ಚಾವಣಿ ಒಂದೇ. 2004ರ ಟೆನಮೆಂಟ್ ಕಾಯ್ದೆಯ ಪ್ರಕಾರ, ಮನೆಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ ಅಂಥ ದುರಸ್ತಿಯ ಖರ್ಚನ್ನು ಎಲ್ಲ ಮಾಲೀಕರೂ ಹಂಚಿಕೊಳ್ಳಬೇಕು. ಬೇಸಿಗೆಗೆ ಮಾತ್ರ ಬರುವ ಕೆಳಮನೆಯವರನ್ನು ಚಳಿಗಾಲದಲ್ಲಿ ಹೆಂಚು ಹಾರಿದಾಗ ಎಲ್ಲಿ ಹುಡುಕುವುದು?

ಬೆಲೆಯ ಕ್ರಮವೂ ನಮಗೆ ಪರಿಚಿತವೇ. 'ಇಷ್ಟಕ್ಕಿಂತ ಮೇಲೆ' ಎಂದು ಒಂದು ಮೊತ್ತ ಹಾಕಿರುತ್ತಾರೆ. ಆಸಕ್ತರು ಹೆಚ್ಚಾದರೆ ಕೊನೆಯ ದಿನ ಗೊತ್ತುಮಾಡುತ್ತಾರೆ. ಅಷ್ಟರೊಳಗೆ ಎಲ್ಲರೂ ವಕೀಲರ ಮೂಲಕ ತಮ್ಮ ಮೊತ್ತ ಬರೆದು ಕಳಿಸಬೇಕು. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದು. ಪಿಡಬ್ಲ್ಯುಡಿಯ ಮೊಹರು ಹಾಕಿದ ಟೆಂಡರ್ ನೆನಪಿಸಿಕೊಳ್ಳಿ. ಬ್ಯಾಂಕು ಸಾಲ ಕೊಡುವುದು ಹೋಮ್ ರಿಪೋರ್ಟಿನ ಬೆಲೆಯ ಮೇಲೆ. ಅದಕ್ಕಿಂತ ಹೆಚ್ಚು ಕೂಗಿದರೆ ಆ ಹಣ ಕೈಯಿಂದ ಹೋಗಬೇಕು. ಗೆಳೆಯ ಎರಡು ವಾರದೊಳಗೆ ತನ್ನ ಮೊತ್ತ ಬರೆಯಬೇಕಿತ್ತು.

ಆಗ ಅವನ ವಕೀಲರು ಆ ಪ್ರಶ್ನೆ ಕೇಳಿದರು: "ನಿಮಗೆ ಬೇರೆ ಮನೆ ಇದೆಯೇ? ಸ್ಕಾಟ್‌ಲೆಂಡಿನಲ್ಲಿ ಮಾತ್ರ ಅಲ್ಲ, ಪ್ರಪಂಚದಲ್ಲಿ ಎಲ್ಲಿಯಾದರೂ?"

ಲೆಕ್ಕ ಹೀಗಿದೆ. ಸುಲಭಕ್ಕೆ ಮನೆಯ ಬೆಲೆ 2 ಲಕ್ಷ ಪೌಂಡ್ ಎಂದುಕೊಳ್ಳೋಣ. ಅಲ್ಲಿನ ಖರೀದಿ ತೆರಿಗೆಯಲ್ಲಿ ಮೊದಲ 1,45,000 ಪೌಂಡಿಗೆ ಏನೂ ಇಲ್ಲ; ಉಳಿದ 55,000ಕ್ಕೆ ಶೇ 2, ಅಂದರೆ 1,100 ಪೌಂಡ್. ಜೀವನದಲ್ಲಿ ಮೊದಲ ಸಲ ಮನೆ ಕೊಳ್ಳುವವರಿಗೆ ಅದು 500ಕ್ಕೆ ಇಳಿಯುತ್ತದೆ. ಆದರೆ ಕೊಳ್ಳುವವರಿಗೆ ಈಗಾಗಲೇ ಒಂದು ಮನೆ ಇದ್ದು, ಇದು ಇನ್ನೊಂದಾದರೆ, ಪೂರ್ತಿ ಬೆಲೆಯ ಮೇಲೆ ಹೆಚ್ಚುವರಿ ತೆರಿಗೆ. 2016ರಲ್ಲಿ ಶೇ 3ರಿಂದ ಶುರುವಾದದ್ದು 2024ರ ಡಿಸೆಂಬರ್ 5ರಿಂದ ಶೇ 8 ಆಗಿದೆ. 2 ಲಕ್ಷಕ್ಕೆ 16,000 ಪೌಂಡ್. ರಜೆಗೆಂದು ಎರಡನೇ ಮನೆ ಕೊಳ್ಳುವವರ ಎದುರು ಇರಲು ಮನೆ ಹುಡುಕುವವರಿಗೆ ಸ್ವಲ್ಪ ಜಾಗ ಸಿಗಲಿ ಎಂಬುದು ಉದ್ದೇಶ. ಇದರ ಜೊತೆಗೆ ಎರಡನೇ ಮನೆಗಳಿಗೆ ವಾರ್ಷಿಕ ಕೌನ್ಸಿಲ್ ತೆರಿಗೆಯನ್ನು ಇಮ್ಮಡಿ ಮಾಡುವ ಅಧಿಕಾರವನ್ನು 2024ರ ಏಪ್ರಿಲಿನಿಂದ ಕೌನ್ಸಿಲ್‌ಗಳಿಗೆ ಕೊಟ್ಟಿದ್ದಾರೆ. ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಲು ಲೈಸೆನ್ಸ್ ಬೇಕು.

ಗೆಳೆಯ ರಾತ್ರಿ ಫೋನ್ ಮಾಡಿದ. "ನಮಗೆಲ್ಲಿ ಮಾರಾಯ ಮನೆ? ಊರಲ್ಲಿರುವುದು ಅಪ್ಪನ ಮನೆ."

ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಪಂಚಾಯಿತಿ ಖಾತೆಯಲ್ಲಿ ಅಮ್ಮ, ಅಣ್ಣ, ಅಕ್ಕ, ಇವನು ನಾಲ್ವರ ಹೆಸರಿದೆ ಎಂದು ನಮಗೆ ಗೊತ್ತಿತ್ತು. ನಮೂನೆ 9 ಮತ್ತು 11 ತೆಗೆಸಿಕೊಟ್ಟವರು ನಾವೇ. ಅಲ್ಲಿನ ಕಾನೂನು ಲೆಕ್ಕಕ್ಕೆ ಹಿಡಿಯುವುದು 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯದನ್ನು. ನಮ್ಮ ಹಣದಲ್ಲಿ 45 ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆ ಆ ಹೆಂಚಿನ ಮನೆಯ ಒಂದು ಪಾಲಿಗೆ ಅಷ್ಟು ಬೆಲೆ ಎಂದಿದ್ದರೆ ಜನ ನಗುತ್ತಿದ್ದರು. ಈಗ ಕಡಲಿಗೆ ಮುಖ ಮಾಡಿದ ಇಪ್ಪತ್ತು ಸೆಂಟ್ಸ್ ಜಾಗಕ್ಕೆ ಬ್ರೋಕರ್ ಹೇಳುವ ರೇಟಿನಲ್ಲಿ ನಾಲ್ಕು ಪಾಲು ಮಾಡಿದರೂ ಒಂದೊಂದು ಅರ್ಧ ಕೋಟಿ ಮುಟ್ಟುತ್ತದೆ. ರೇಟು ಏರಿದ್ದು ಹೋಂಸ್ಟೇಗಳು ಬಂದ ಮೇಲೆ. ಆ ಹೋಂಸ್ಟೇಗಳ ಬಗ್ಗೆ ಬರೆದವರು ನಾವು.

"ಬರೆಯದಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಮೊದಲು ಕೇಳಿದ್ದೂ ನಾವೇ. ಅವನು ಒಪ್ಪಲಿಲ್ಲ. "ಇವಳ ವೀಸಾ, ನೌಕರಿ ಎರಡೂ ಕಾಗದದ ಮೇಲೆ ನಿಂತಿದೆ. ಸುಳ್ಳಿಗೆ ಸಹಿ ಹಾಕಲಾರೆ. ನನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟರೆ ಹೇಗೆ? ಎಡಿನ್‌ಬರೋದ ನಮ್ಮ ಕಾನ್ಸುಲೇಟಿನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸುತ್ತೇನೆ. ನೀನು ಅಮ್ಮನನ್ನು ಒಮ್ಮೆ ಕೇಳಿ ನೋಡು."

ಭಾನುವಾರ ಹೋದೆವು. ಅಮ್ಮ ಜಗಲಿಯಲ್ಲಿ ಕೂತಿದ್ದರು. ಬುಟ್ಟಿ ಹೊತ್ತು ಮೀನು ಮಾರಿ ಮೂವರನ್ನು ಓದಿಸಿದವರು. ಫೋನಿನಲ್ಲಿ ಪಿಟನ್‌ವೀಮಿನ ಫೋಟೊ ತೋರಿಸಿದೆವು. ಬಿಳಿ ಗೋಡೆ, ಸೌದೆ ಒಲೆ ನೋಡಲಿಲ್ಲ. ಕಿಟಕಿಯಾಚೆಯ ದೋಣಿಯನ್ನು ದೊಡ್ಡದು ಮಾಡಿಸಿ ನೋಡಿದರು. "ಕಡಲಿಗೆ ಹೋಗುವ ದೋಣಿಯೇ," ಎಂದರು. "ಬಲೆ ಎಲ್ಲಿ ಇಡುತ್ತಾರೆ?" ಮೊದಲು ಕೆಳಗಿನ ಕೋಣೆಯಲ್ಲಿ ಇಡುತ್ತಿದ್ದರು, ಈಗ ಅದೂ ಮಾರಾಟವಾಗಿದೆ ಎಂದೆವು.

ಅವರು ಪಕ್ಕದ ಅಂಗಳದ ಕಡೆ ನೋಡಿದರು. ಅಲ್ಲೀಗ ಹೋಂಸ್ಟೇ ಇದೆ, ಉಯ್ಯಾಲೆ ಇದೆ. ಅದರ ಗೋಡೆಯ ಬೋರ್ಡಿನಲ್ಲಿ 'ಮೀನುಗಾರರ ಬದುಕನ್ನು ಹತ್ತಿರದಿಂದ ನೋಡಿ' ಎಂದಿದೆ. ಆ ಮನೆಯಲ್ಲಿದ್ದ ಮೀನುಗಾರರು ಹೆದ್ದಾರಿಯ ಆಚೆ ಬಾಡಿಗೆಗಿದ್ದಾರೆ. ಬೆಳಗ್ಗೆ ಕಡಲು ಹೇಗಿದೆ ಎಂದು ತಿಳಿಯಲು ಈಗ ಅಮ್ಮನಿಗೆ ಫೋನ್ ಮಾಡುತ್ತಾರಂತೆ.

"ಆ ಸಾಲು ನೀನು ಪೇಪರಿನಲ್ಲಿ ಬರೆದದ್ದಲ್ವಾ ಮಗ?" ಎಂದರು ಅಮ್ಮ. ಬೈಯುವ ದನಿಯಲ್ಲ, ಸುಮ್ಮನೆ ಕೇಳಿದ್ದು. ಹೌದು ಎಂದೆವು.

ಪಾಲಿನ ವಿಷಯ ಹೇಳಿದಾಗ ಅವರು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. "ಬಿಡುವುದಾದರೆ ಬಿಡಲಿ. ನಾನು ಬೇಡ ಎನ್ನುವುದಿಲ್ಲ. ಅವನಿಗೂ ಮನೆ ಬೇಕಲ್ಲ. ಆದರೆ ಕಾಗದ ಕಳಿಸಿ ಬಿಡುವುದು ಬೇಡ. ಬರಲಿ, ಈ ಜಗಲಿಯಲ್ಲಿ ನಾಲ್ಕು ದಿನ ಕೂತುಕೊಳ್ಳಲಿ, ಆಮೇಲೂ ಬಿಡಬೇಕು ಅನ್ನಿಸಿದರೆ ಬಿಡಲಿ."

ಇದನ್ನು ಹಾಗೆಯೇ ಗೆಳೆಯನಿಗೆ ಹೇಳಿದೆವು. ಅವನಿಗೆ ರಜೆ ಇರಲಿಲ್ಲ, ಕೊನೆಯ ದಿನ ಶುಕ್ರವಾರವಿತ್ತು. ಮೊತ್ತ ಬರೆಯಲಿಲ್ಲ. ಫ್ಲ್ಯಾಟ್ ಬೇರೆ ಯಾರಿಗೋ ಹೋಯಿತು.

ಸಿಟ್ಟು ಯಾರ ಮೇಲೆ ಮಾಡಬೇಕು ಎಂದು ನಾವಿಬ್ಬರೂ ಮಾತಾಡಿದ್ದೇವೆ. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ನರ್ಸಿನ ಸಂಸಾರವನ್ನು ಎರಡನೇ ಮನೆಯ ಶ್ರೀಮಂತರ ಸಾಲಿಗೆ ಸೇರಿಸುವ ಕಾನೂನು ಒರಟೇ ಸರಿ. ಆದರೆ ಆ ಪ್ರಶ್ನೆ ತಪ್ಪು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಇಷ್ಟು ವರ್ಷ ಮನೆ ಮಾರಾಟದ ಬಗ್ಗೆ ಬರೆದಿದ್ದೇವೆ. ಕೊಳ್ಳುವವರಿಗೆ ಬೇರೆ ಮನೆ ಇದೆಯೇ, ಬಿಟ್ಟು ಹೋಗುವವರು ಎಲ್ಲಿಗೆ ಹೋಗುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ದೀಪಾವಳಿ ಪುರವಣಿಗೆ ಈ ಸಲವೂ ಹೋಂಸ್ಟೇ ಜಾಹೀರಾತು ಬಂತು. ಬೇಡ ಎನ್ನುವಷ್ಟು ಅನುಕೂಲ ನಮಗಿಲ್ಲ, ಬರೆದೆವು. 'ಮೀನುಗಾರರ ಬದುಕು' ಎಂಬ ಸಾಲನ್ನು ಮಾತ್ರ ಬಿಟ್ಟೆವು. ಮಾಲೀಕರು ಗಮನಿಸಲಿಲ್ಲ.

ಜನವರಿಯಲ್ಲಿ ಗೆಳೆಯ ಕೆಲಸ ಮುಗಿಸಿ ಬಸ್ಸಿನಲ್ಲಿ ಪಿಟನ್‌ವೀಮಿಗೆ ಹೋಗಿದ್ದನಂತೆ. ಅಲ್ಲಿ ಆ ತಿಂಗಳು ನಾಲ್ಕು ಗಂಟೆಗೆಲ್ಲ ಕತ್ತಲೆ. ಬಂದರಿನ ಬೀದಿಯ ಒಂದು ಫೋಟೊ ಕಳಿಸಿದ. ಹೊರಮೆಟ್ಟಿಲಿನ ಆ ಮನೆ ಗುರುತು ಸಿಕ್ಕಿತು. ಮೇಲಂತಸ್ತಿನಲ್ಲೂ ದೀಪವಿಲ್ಲ, ಕೆಳಗೂ ಇಲ್ಲ. ಕೆಳಗೆ ಬರೆದಿದ್ದ: "ಮೇ ತಿಂಗಳಿಗೆ ಟಿಕೆಟ್ ಮಾಡಿಸಿದ್ದೇನೆ. ಅಮ್ಮನಿಗೆ ಈಗಲೇ ಹೇಳಬೇಡ. ಪಾಲಿನ ವಿಷಯ ನಾನೇ ಕೂತು ಮಾತಾಡುತ್ತೇನೆ."